ಅನೀಶ್ ಕಪೂರ್ ಅವರ ಕನ್ನಡಿ ಶಿಲ್ಪಗಳು: ಬೆಸುಗೆ ಗೆರೆ ಮಾಯವಾಗಿದ್ದು ಹೇಗೆ, ಒಂದು ಮೀಟರ್ ತಟ್ಟೆ ಮಾಡಲು ಏನು ಬೇಕು?

ಚಾಣ_ಸುತ್ತಿಗೆ ಕೇಳಿದ್ದು:

ಕಲ್ಲು, ಕಂಚು ಗೊತ್ತು, ಸ್ಟೇನ್‌ಲೆಸ್ ಸ್ಟೀಲ್ ಗೊತ್ತಿಲ್ಲ. ಕೊನೆ ವರ್ಷದ ಪ್ರದರ್ಶನಕ್ಕೆ ಬ್ರಿಟನ್ನಿನ ಶಿಲ್ಪಿ ಅನೀಶ್ ಕಪೂರ್ ಜಾಡಿನಲ್ಲಿ ಒಂದು ಮೀಟರ್ ವ್ಯಾಸದ ಒಳತಗ್ಗಿನ ಕನ್ನಡಿ ತಟ್ಟೆ ಮಾಡಿ ಗೋಡೆಗೆ ಹಾಕಬೇಕು ಅಂತಿದೆ. ಮೂರು ಪ್ರಶ್ನೆ.

ಒಂದು: ಷಿಕಾಗೋದಲ್ಲಿರೋ ಅವರ ದೊಡ್ಡ ಕನ್ನಡಿ ಶಿಲ್ಪ ಕ್ಲೌಡ್ ಗೇಟ್ 168 ತಗಡು ಜೋಡಿಸಿ ಮಾಡಿದ್ದು ಅಂತಾರೆ, ಒಂದು ಗೆರೆಯೂ ಕಾಣಲ್ಲ. ಬೆಸುಗೆ ಎಲ್ಲಿ ಹೋಯ್ತು? ಎರಡು: ನನ್ನ ತಟ್ಟೆಗೆ ತಗಡು ಎಷ್ಟು ದಪ್ಪ, ತಗ್ಗು ಎಷ್ಟು ಆಳ, ಪಾಲಿಶ್ ಯಾವ ಕ್ರಮದಲ್ಲಿ? ಮೂರನೆಯದು ನಮ್ಮ ಮೇಷ್ಟ್ರ ತಕರಾರು. ಕಾರ್ಖಾನೆಯವರು ಮಾಡಿಕೊಟ್ಟಿದ್ದಕ್ಕೆ ಶಿಲ್ಪಿ ಅಂತ ಹೆಸರು ಹಾಕಿಕೊಳ್ಳೋದು ಹೇಗೆ ಅಂತ ಕೇಳ್ತಾರೆ. ಏನು ಹೇಳಲಿ? ಬಜೆಟ್ ಸಣ್ಣದು. ಪೀಣ್ಯದ ಕಡೆ ಫ್ಯಾಬ್ರಿಕೇಶನ್ ಮಾಡಿಸಬಹುದು.

ಟಿಗ್_ಟಾರ್ಚ್ ಉತ್ತರ:

ಎರಡನೇ ಪ್ರಶ್ನೆ ಮೊದಲು ಎತ್ತಿಕೊಳ್ತೀನಿ. ಒಂದು ಮೀಟರ್ ತಟ್ಟೆಗೆ ಬೆಸುಗೆಯೇ ಬೇಡ, ಯಾರಾದರೂ ಎರಡು ತುಂಡು ಸೇರಿಸಿ ಮಾಡ್ತೀನಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. 304 ದರ್ಜೆಯ ಸ್ಟೇನ್‌ಲೆಸ್ ತಗಡು 1250 ಮಿ.ಮೀ. ಅಗಲದಲ್ಲಿ ಸಿಗುತ್ತೆ. ಆರೂವರೆ ಸೆಂ.ಮೀ. ತಗ್ಗಿರೋ ಒಂದು ಮೀಟರ್ ತಟ್ಟೆಯ ಮೈಮೇಲೆ ಟೇಪ್ ಹಿಡಿದ್ರೆ ಸುಮಾರು 1010 ಮಿ.ಮೀ. ಬರುತ್ತೆ. ಅಂಚನ್ನು ಹಿಂದಕ್ಕೆ ಮಡಿಸಲು ಸುತ್ತಲೂ 40 ಸೇರಿಸಿದ್ರೂ 1090 ವ್ಯಾಸದ ಬಿಲ್ಲೆ ಸಾಕು. ಒಂದೇ ತಗಡಲ್ಲಿ ಮುಗೀತು.

ದಪ್ಪ 3 ಮಿ.ಮೀ. ಇರಲಿ. 2 ತಗೊಂಡ್ರೆ ದುಡ್ಡು ಉಳಿಯುತ್ತೆ, ಆದರೆ ಇಷ್ಟು ಕಡಿಮೆ ತಗ್ಗಿನ ತಟ್ಟೆ ಎಣ್ಣೆ ಡಬ್ಬದ ತಳದ ಥರ ಟಪ್ ಟಪ್ ಅಂತ ಒಳಗೂ ಹೊರಗೂ ಆಡುತ್ತೆ. ಬಫ್ (ಪಾಲಿಶ್ ಮಾಡೋ ಚಕ್ರ) ಬಿಸಿಗೆ ನಡುವೆ ಉಬ್ಬಿ, ಉಬ್ಬಿದ್ದು ಮಾತ್ರ ಹೆಚ್ಚು ಸವೆದು, ತಣ್ಣಗಾದ ಮೇಲೆ ಅಲ್ಲೊಂದು ಹಳ್ಳ ಉಳಿಯುತ್ತೆ. 3 ಮಿ.ಮೀ. ಬಿಲ್ಲೆ ಸುಮಾರು 22 ಕೆ.ಜಿ. ತೂಗುತ್ತೆ, ಗೋಡೆಗೆ ಅದನ್ನ ನೆನಪಿಟ್ಟುಕೊಳ್ಳಿ.

ಆಕಾರಕ್ಕೆ ಎರಡು ದಾರಿ ಇದೆ. ಸ್ಪಿನ್ನಿಂಗಲ್ಲಿ ತಗಡನ್ನು ಅಚ್ಚಿನ ಜೊತೆ ತಿರುಗಿಸಿ ರೋಲರ್‌ನಿಂದ ಒತ್ತುತ್ತಾರೆ. 3 ಮಿ.ಮೀ. ಸ್ಟೇನ್‌ಲೆಸ್‌ಗೆ ಕೈಬಲ ಸಾಲದು, ಹೈಡ್ರಾಲಿಕ್ ಯಂತ್ರ ಇರೋ ಕಡೆಯೇ ಹೋಗಬೇಕು. ಇನ್ನೊಂದು, ಟ್ಯಾಂಕುಗಳಿಗೆ ಡಿಶ್ ಎಂಡ್, ಅಂದರೆ ಬಟ್ಟಲಿನಂಥ ಮುಚ್ಚಳ, ಒತ್ತುವವರು. ಅವರು ಸಣ್ಣ ಡೈ ಇಟ್ಟು ಜಾಗ ಬದಲಿಸ್ತಾ ಒತ್ತೋದರಿಂದ ಮೈ ತುಂಬ ತೆಳು ಪಟ್ಟೆಗಳು ಬೀಳುತ್ತವೆ. ಟ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ, ಕನ್ನಡಿಗೆ ಪ್ರತಿ ಪಟ್ಟೆಯೂ ಕಾಣುತ್ತೆ. ಸ್ಪಿನ್ನಿಂಗ್ ಉಂಗುರ ಉಂಗುರವಾಗಿ ಗುರುತು ಬಿಡುತ್ತೆ, ಅದನ್ನ ತೆಗೆಯೋದು ಸುಲಭ. ಎರಡರಲ್ಲೂ ಲೋಹ ಸ್ವಲ್ಪ ವಾಪಸ್ ನೆಟ್ಟಗಾಗುತ್ತೆ. ಹಾಗಾಗಿ ಬೇಕಾದ ಆಳಕ್ಕಿಂತ ಅಚ್ಚು ತುಸು ಆಳ ಇರಬೇಕು. ಒಂದು ಬಿಲ್ಲೆ ಪ್ರಯೋಗಕ್ಕೆ ಹಾಳಾಗುತ್ತೆ ಅಂತಲೇ ಲೆಕ್ಕ ಹಾಕಿ. ಒತ್ತಿದ ಮೇಲೆ 304ಕ್ಕೆ ಅಯಸ್ಕಾಂತ ಸ್ವಲ್ಪ ಅಂಟುತ್ತೆ. ಕಳಪೆ ಮಾಲು ಕೊಟ್ರು ಅಂತ ಜಗಳಕ್ಕೆ ಹೋಗಬೇಡಿ. ತಣ್ಣಗೆ ಬಗ್ಗಿಸಿದಾಗ ಒಳಗಿನ ಹರಳುಗಳ ಜೋಡಣೆ ಬದಲಾಗಿ ಹಾಗಾಗೋದು.

ಈಗ ಕ್ಲೌಡ್ ಗೇಟ್. 10 ಮೀ. ಎತ್ತರ, 20 ಮೀ. ಉದ್ದ, 13 ಮೀ. ಅಗಲ, ತೂಕ ಸುಮಾರು 100 ಟನ್. ಪೂರ್ತಿ ಮಾಡಿ ಪನಾಮಾ ಕಾಲುವೆ ದಾಟಿಸಿ ಹಡಗಲ್ಲಿ ತರೋ ಯೋಚನೆ ಮೊದಲಿತ್ತು, ಅಪಾಯ ಅಂತ ಬಿಟ್ರು. ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ತಗಡು ಬಗ್ಗಿಸಿ, ಬಹುಪಾಲು ಪಾಲಿಶ್ ಅಲ್ಲೇ ಮುಗಿಸಿ, ಬಿಳಿ ಹಾಳೆ ಅಂಟಿಸಿ ಲಾರಿಗಳಲ್ಲಿ ಕಳಿಸಿದ್ರು. ತಗಡಿನ ದಪ್ಪ ಅರ್ಧ ಇಂಚಿಗಿಂತಲೂ ಕಡಿಮೆ, 10 ಮಿ.ಮೀ.ಗೆ ಹತ್ತಿರ. ಒಂದೊಂದೂ 450ರಿಂದ 900 ಕೆ.ಜಿ. ಜೋಡಿಸುವಾಗ ಒಂದನ್ನೂ ಕತ್ತರಿಸಿ ಸರಿಪಡಿಸಬೇಕಾಗಲಿಲ್ಲ. ಗೆರೆ ಮಾಯ ಆಗಿದ್ದಕ್ಕೆ ಮುಖ್ಯ ಕಾರಣ ನನ್ನ ಪ್ರಕಾರ ಪಾಲಿಶ್ ಅಲ್ಲ, ಇದು. ಸಂದು ಒಂದೇ ಸಮ ಇದ್ರೆ ಬೆಸುಗೆ ಒಂದೇ ಸಮ ಬೀಳುತ್ತೆ. ಸಂದು ಹೆಚ್ಚುಕಮ್ಮಿ ಆದ್ರೆ ತುಂಬೋ ಲೋಹ ಹೆಚ್ಚುಕಮ್ಮಿ, ಬಿಸಿ ಹೆಚ್ಚುಕಮ್ಮಿ, ತಗಡು ಎಳೆದುಕೊಳ್ಳೋದೂ ಹೆಚ್ಚುಕಮ್ಮಿ.

ಬೆಸುಗೆಗೆ ಬಳಸಿದ್ದು ಕೀಹೋಲ್ ಯಂತ್ರ. ಆರ್ಕ್ (ವಿದ್ಯುತ್ ಕಿಡಿಯ ಜ್ವಾಲೆ) ತಗಡಿನ ಇಡೀ ದಪ್ಪವನ್ನು ತೂತು ಕೊರೆದು ಮುಂದೆ ಸಾಗುತ್ತೆ, ಕರಗಿದ ಲೋಹ ಹಿಂದಿನಿಂದ ತೂತು ಮುಚ್ಚಿಕೊಳ್ತಾ ಬರುತ್ತೆ. ಇಷ್ಟು ದಪ್ಪಕ್ಕೂ ಒಂದೇ ಓಟ ಸಾಕು. ಮಾಮೂಲಿ ಟಿಗ್ ಬೆಸುಗೆಯಲ್ಲಿ ಮೂರು ನಾಲ್ಕು ಪದರ ಹಾಕಬೇಕು, ಪ್ರತಿ ಪದರವೂ ತಣಿಯುವಾಗ ಸಂದನ್ನು ಒಳಕ್ಕೆ ಎಳೆಯುತ್ತೆ. ಸ್ಟೇನ್‌ಲೆಸ್ ಬಿಸಿಗೆ ಮೈಲ್ಡ್ ಸ್ಟೀಲಿಗಿಂತ (ಗೇಟು, ಗ್ರಿಲ್ಲಿನ ಮಾಮೂಲಿ ಕಬ್ಬಿಣ) ಹೆಚ್ಚು ಹಿಗ್ಗುತ್ತೆ, ಆದರೆ ಬಿಸಿಯನ್ನು ಅದರ ಮೂರನೇ ಒಂದು ಪಾಲಿನಷ್ಟು ಮಾತ್ರ ಹರಿಸುತ್ತೆ. ಬಿಸಿ ಒಂದೇ ಕಡೆ ನಿಂತು ತಗಡು ಸೊಟ್ಟಗಾಗೋದು ಅದಕ್ಕೇ. ಒಟ್ಟು ಬೆಸುಗೆ ಉದ್ದ 2442 ಅಡಿ, ಅಂದರೆ ಮುಕ್ಕಾಲು ಕಿ.ಮೀ.

2004ರ ಜುಲೈನಲ್ಲಿ ಅದು ಇರೋ ಮಿಲೆನಿಯಮ್ ಪಾರ್ಕ್ ತೆರೆದಾಗ ಗೆರೆಗಳು ಇದ್ದೇ ಇದ್ದವು. ಆಮೇಲೆ ಗುಡಾರ ಹಾಕಿ ಉಜ್ಜಿದ್ರು. ಐದು ಹಂತ. ಮೊದಲು ನಾಲ್ಕೂವರೆ ಇಂಚಿನ ಗ್ರೈಂಡರಿನಲ್ಲಿ 40 ನಂಬರ್ (ನಂಬರ್ ಚಿಕ್ಕದಾದಷ್ಟೂ ಉಜ್ಜೋ ಕಣ ಒರಟು), ಉಬ್ಬಿದ್ದನ್ನ ಕೆಡವೋಕೆ. ಎರಡನೆಯದರಲ್ಲಿ ಎರಡಿಂಚು ಬೆಲ್ಟ್ ಸ್ಯಾಂಡರ್, 80, 100, 120. ಮೂರನೆಯದು ಒಂದಿಂಚು ಬೆಲ್ಟಲ್ಲಿ 80ರಿಂದ ಮತ್ತೆ ಶುರುಮಾಡಿ 240ರವರೆಗೆ. ಈ ಹಂತದ ಹೆಸರೇ 'ಶಿಲ್ಪ ಕೆತ್ತುವುದು' ಅಂತ, ಗಮನಿಸಿ. ನಾಲ್ಕನೆಯದು ಡಬಲ್ ಆಕ್ಷನ್ ಸ್ಯಾಂಡರಲ್ಲಿ 400, 600, 800. ಕೊನೆಗೆ ಹತ್ತಿಂಚಿನ ಬಫ್ ಚಕ್ರ ಮತ್ತು ಪಾಲಿಶ್ ಸೋಪು. ಕಮಾನಿನ ಒಳಭಾಗ ಮುಗಿದು ಅಧಿಕೃತವಾಗಿ ಒಪ್ಪಿಸಿದ್ದು 2006ರ ಮೇ 15ಕ್ಕೆ. ಒಟ್ಟು ಖರ್ಚು 2.3 ಕೋಟಿ ಡಾಲರ್.

ನಿಮ್ಮ ತಟ್ಟೆಗೆ ಬೆಸುಗೆ ಇಲ್ಲದ್ದರಿಂದ 120ರಿಂದ ಶುರು ಮಾಡಿ: 120, 180, 240, 320, 400, 600, 800. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಹಿಂದಿನದಕ್ಕೆ ಅಡ್ಡ ಇರಲಿ. ಹಿಂದಿನ ಗೀರು ಪೂರಾ ಹೋಗದೆ ಮುಂದಿನದಕ್ಕೆ ಹೋದ್ರೆ ಬಫ್ ಅದನ್ನ ಅಳಿಸಲ್ಲ, ಗೀರಿನ ಅಂಚನ್ನ ಮೃದು ಮಾಡಿ ಇನ್ನೂ ಚೆನ್ನಾಗಿ ಹೊಳೆಯೋ ಹಾಗೆ ಮಾಡುತ್ತೆ. ಬಫಿಂಗಿಗೆ ಮೊದಲು ಕತ್ತಾಳೆ ನಾರಿನ ಚಕ್ರ, ಆಮೇಲೆ ಸಡಿಲ ಹತ್ತಿ ಬಟ್ಟೆಯ ಚಕ್ರ. ಸ್ಟೇನ್‌ಲೆಸ್‌ಗೆ ಹಸಿರು ಸೋಪು. ಕೆಂಪು ಸೋಪು ಚಿನ್ನ ಬೆಳ್ಳಿಗೆ, ಇಲ್ಲಿ ಸಮಯ ದಂಡ. ಒಂದೇ ಕಡೆ ಒತ್ತಿ ಹಿಡಿದ್ರೆ ಕಿತ್ತಳೆ ಸಿಪ್ಪೆಯ ಥರ ಗುಳಿ ಗುಳಿ ಬೀಳುತ್ತೆ, ಬಿದ್ರೆ 320ಕ್ಕೆ ವಾಪಸ್.

ಪರೀಕ್ಷೆ ಹೀಗೆ ಮಾಡಿ. 400ರ ನಂತರ ತಟ್ಟೆಗೆ ನೀರು ಒರೆಸಿ, ಕತ್ತಲೆ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಹಾಕಿ, ಅದರ ಬಿಂಬವನ್ನು ಮೈಮೇಲೆ ನಿಧಾನಕ್ಕೆ ಜರುಗಿಸಿ. ಗೆರೆ ಬಿಲ್ಲಿನ ಹಾಗೆ ನಯವಾಗಿ ಬಾಗಿದ್ರೆ ಸರಿ. ಒಂದು ಜಾಗದಲ್ಲಿ ಹಾವಿನ ಹಾಗೆ ನುಲಿದ್ರೆ ಅಲ್ಲಿ ಅಲೆ ಇದೆ. ಮಾರ್ಕರಲ್ಲಿ ಗುರುತು ಹಾಕಿ ಉದ್ದನೆ ಮರದ ಪಟ್ಟಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಿ. ಬರಿ ಯಂತ್ರ ಇಟ್ಟರೆ ಅದು ಅಲೆಯ ಮೇಲೇ ಸವಾರಿ ಮಾಡುತ್ತೆ, ಅಲೆ ಹೋಗಲ್ಲ.

ಬಿಂಬ ಉತ್ತರ:

ಟಿಗ್ ಅವರು ಆರೂವರೆ ಸೆಂ.ಮೀ. ಅಂತ ಹಿಡಿದಿದ್ದು ಸರಿಯಾದ ಅಂದಾಜು. ಆ ಸಂಖ್ಯೆ ಎಲ್ಲಿಂದ ಬರುತ್ತೆ ಅಂತ ತಿಳಿದಿರಲಿ, ಯಾಕಂದ್ರೆ ಈ ಕೆಲಸದಲ್ಲಿ ಶಿಲ್ಪಿ ನಿರ್ಧಾರ ಮಾಡೋದು ಅದೊಂದನ್ನೇ.

ಲೆಕ್ಕ: ಅರ್ಧವ್ಯಾಸದ ವರ್ಗಕ್ಕೆ ಆಳದ ವರ್ಗ ಕೂಡಿಸಿ, ಆಳದ ಎರಡರಷ್ಟರಿಂದ ಭಾಗಿಸಿ. ಬರೋದು ಆ ತಟ್ಟೆ ಯಾವ ಗೋಳದ ಚೂರೋ ಆ ಗೋಳದ ತ್ರಿಜ್ಯ. 10 ಸೆಂ.ಮೀ. ಆಳಕ್ಕೆ 2500 ಕೂಡಿಸು 100, ಅದನ್ನ 20ರಿಂದ ಭಾಗಿಸಿದ್ರೆ 130 ಸೆಂ.ಮೀ. 6.4 ಸೆಂ.ಮೀ. ಆಳಕ್ಕೆ ಎರಡು ಮೀಟರ್. 3.1 ಸೆಂ.ಮೀ. ಆಳಕ್ಕೆ ನಾಲ್ಕು ಮೀಟರ್.

ಶಾಲೆಯಲ್ಲಿ ನಾಭಿ ದಾಟಿದ್ರೆ ಬಿಂಬ ತಲೆಕೆಳಗು ಅಂತ ಹೇಳಿಕೊಟ್ಟಿರ್ತಾರೆ, ನಾಭಿ ಅಂದರೆ ತ್ರಿಜ್ಯದ ಅರ್ಧ. ತಟ್ಟೆ ಮುಂದೆ ನಿಂತವರ ಅನುಭವ ಅಷ್ಟು ಸರಳ ಇಲ್ಲ. ದೂರದ ಗೋಡೆ, ಕಿಟಕಿ, ಬಾಗಿಲು ತಲೆಕೆಳಗಾಗೋದು ನಾಭಿಯ ಹತ್ತಿರ. ನೋಡುವವರ ಸ್ವಂತ ಮುಖ ತಿರುಗೋದು ಪೂರ್ತಿ ತ್ರಿಜ್ಯದ ದೂರದಲ್ಲಿ. ಎರಡು ಮೀಟರ್ ತ್ರಿಜ್ಯದ ತಟ್ಟೆ ಅಂದುಕೊಳ್ಳಿ. ಐದು ಮೀಟರ್ ದೂರದಿಂದ ಬರುವಾಗ ನೀವು, ಕೋಣೆ ಎರಡೂ ತಲೆಕೆಳಗು, ಚಿಕ್ಕದಾಗಿ. ಎರಡು ಮೀಟರಿಗೆ ಬಂದಾಗ ಮುಖ ಹಿಗ್ಗಿ ಹಿಗ್ಗಿ ತಟ್ಟೆ ತುಂಬ ಒಂದೇ ಬಣ್ಣ ಹರಡಿಕೊಳ್ಳುತ್ತೆ. ಅಲ್ಲಿಂದ ಒಂದು ಮೀಟರಿನವರೆಗೆ ನಿಮ್ಮ ಮುಖ ನೆಟ್ಟಗೆ, ಮಂಜು ಮಂಜಾಗಿ, ಹಿಂದಿನ ಕೋಣೆ ಇನ್ನೂ ತಲೆಕೆಳಗು. ಒಂದು ಮೀಟರ್ ಒಳಗೆ ಬಂದ ಮೇಲೆ ಎಲ್ಲ ನೆಟ್ಟಗಾಗುತ್ತೆ. ಕಪೂರ್ ತಟ್ಟೆಗಳ ಮುಂದೆ ಜನ ಹಿಂದೆ ಮುಂದೆ ಹೆಜ್ಜೆ ಹಾಕ್ತಾ ನಿಲ್ಲೋದು ಈ ನಡುವಿನ ಪಟ್ಟಿಗಾಗಿ. ಅಲ್ಲಿ ಕಣ್ಣಿಗೆ ಮೇಲ್ಮೈ ಎಲ್ಲಿದೆ ಅಂತ ಸಿಗಲ್ಲ.

ಹಾಗಾಗಿ ಮೊದಲು ಪ್ರದರ್ಶನದ ಕೋಣೆ ಅಳೆಯಿರಿ. ನಾಲ್ಕು ಮೀಟರ್ ಆಳದ ಕೋಣೆಗೆ ನಾಲ್ಕು ಮೀಟರ್ ತ್ರಿಜ್ಯದ ತಟ್ಟೆ ಹಾಕಿದ್ರೆ ಯಾರೂ ತಿರುಗೋ ಬಿಂದು ದಾಟಲ್ಲ, ದೊಡ್ಡ ಶೇವಿಂಗ್ ಕನ್ನಡಿ ಆಗುತ್ತೆ. ಎರಡು ಮೀಟರ್ ನಿಮಗೆ ಸರಿ. ತಟ್ಟೆಯ ನಡು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ, ಕಣ್ಣಿನ ಮಟ್ಟಕ್ಕೆ ಬರಲಿ.

ಒಂದು ಎಚ್ಚರಿಕೆ, ಇದನ್ನ ಯಾರೂ ಹಗುರಾಗಿ ತಗೊಳ್ಳಬೇಡಿ. ಪ್ರತಿಫಲನದಲ್ಲಿ ಒಂದಿಷ್ಟು ಹೋದರೂ ಈ ತಟ್ಟೆ 400 ವಾಟ್‌ಗಿಂತ ಹೆಚ್ಚು ಬಿಸಿಲನ್ನು ಒಂದು ಮೀಟರ್ ಮುಂದೆ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ಜಾಗಕ್ಕೆ ತರಬಲ್ಲದು. ಪರದೆ, ಕಾಗದ, ಬಟ್ಟೆ ಹೊತ್ತಿಕೊಳ್ಳುತ್ತೆ. ಪೂರ್ವಕ್ಕೋ ಪಶ್ಚಿಮಕ್ಕೋ ಕಿಟಕಿ ಇರೋ ಕೋಣೆಯಾದ್ರೆ ಎದುರು ಗೋಡೆಗೆ ತೂಗುಹಾಕಬೇಡಿ. ಸಾಗಿಸುವಾಗ, ಅಂಗಳದಲ್ಲಿ ಇಟ್ಟಾಗ ಒಳಮೈಗೆ ಬಟ್ಟೆ ಮುಚ್ಚಿರಬೇಕು.

ವರ್ಣಪುಡಿ ಉತ್ತರ:

ಮೂರನೇ ಪ್ರಶ್ನೆಗೆ. ನಿಮ್ಮ ಮೇಷ್ಟ್ರ ತಕರಾರು ಹಳೆಯದು, ಸುಳ್ಳೂ ಅಲ್ಲ. ಆದರೆ ಕಪೂರ್ ಕೆಲಸವನ್ನ ಸ್ಟೀಲಿನಿಂದ ಓದಲು ಶುರು ಮಾಡಿದ್ರೆ ದಾರಿ ತಪ್ಪುತ್ತೆ.

ಹುಟ್ಟಿದ್ದು 1954ರಲ್ಲಿ ಮುಂಬೈನಲ್ಲಿ. ತಂದೆ ಪಂಜಾಬಿ, ತಾಯಿ ಇರಾಕಿನ ಯೆಹೂದಿ ಮನೆತನದವರು. ಓದು ಡೆಹ್ರಾಡೂನಿನಲ್ಲಿ. ಇಸ್ರೇಲಿಗೆ ಹೋಗಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೇರಿ ಬಿಟ್ಟರು, 1973ರಲ್ಲಿ ಲಂಡನ್ನಿಗೆ ಬಂದು ಹಾರ್ನ್ಸಿ, ಆಮೇಲೆ ಚೆಲ್ಸಿ ಕಲಾಶಾಲೆ. 1979ರಲ್ಲಿ ಭಾರತಕ್ಕೆ ಒಂದು ಭೇಟಿ, ವಾಪಸ್ ಹೋದ ಮೇಲೆ ಪುಡಿ ಬಣ್ಣದ ಸರಣಿ ಶುರು. ಅದಕ್ಕೆ ಇಟ್ಟ ಹೆಸರು 'ಸಾವಿರ ನಾಮ' ಅಂತ ಅರ್ಥ ಬರುವಂಥದ್ದು. ಸಹಸ್ರನಾಮ ಕೇಳಿ ಬೆಳೆದವರಿಗೆ ವಿವರಣೆ ಬೇಕಿಲ್ಲ. ಕೆಂಪು, ಹಳದಿ, ನೀಲಿ ಪುಡಿ ಮೆತ್ತಿದ ಶಂಕು, ಮೆಟ್ಟಿಲು, ಗುಮ್ಮಟದಂಥ ಆಕಾರಗಳು ನೆಲದಿಂದ, ಗೋಡೆಯಿಂದ ಎದ್ದ ಹಾಗೆ ಇರುತ್ತವೆ. ಉಳಿದರ್ಧ ನೆಲದ ಕೆಳಗೆ ಇದೆಯೇನೋ ಅನ್ನಿಸುತ್ತೆ.

ಇದರ ತಂತ್ರ ಗಮನಿಸಿ, ಕನ್ನಡಿಯದೂ ಅದೇ. ಒಣ ಪುಡಿ ಸುಮಾರು 35–40 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ನಿಲ್ಲಲ್ಲ, ಜಾರುತ್ತೆ. ಆದ್ದರಿಂದ ಒಳಗೆ ಗಟ್ಟಿ ಆಕಾರ ಬೇಕು, ಅದರ ಮೇಲೆ ಅದೇ ಬಣ್ಣದ ಹೊಳಪಿಲ್ಲದ ಅಂಟು ಬಣ್ಣ, ಒಣಗುವ ಮೊದಲು ಜರಡಿಯಿಂದ ಪುಡಿ. ಕೊನೆಗೆ ಬುಡದ ಸುತ್ತ ನೆಲಕ್ಕೂ ಒಂದಿಷ್ಟು ಉದುರಿಸೋದು. ಆ ಉದುರಿದ ಪುಡಿ ಆಕಾರಕ್ಕೂ ನೆಲಕ್ಕೂ ನಡುವಿನ ಗೆರೆ ಮುಚ್ಚುತ್ತೆ. ಮಾಡಿದವರ ಕೈ ಕಾಣಲ್ಲ, ಮಾಡಿದ್ದು ಅಂತಲೇ ಅನ್ನಿಸಲ್ಲ. ಪ್ರಯತ್ನ ಮಾಡೋರು ರಂಗೋಲಿ ಪುಡಿ ತರಬೇಡಿ, ಅದರ ಕಲ್ಲಿನ ಕಣ ದೊಡ್ಡದು, ಲೈಟಿಗೆ ಮಿನುಗುತ್ತೆ. ಬರಿ ವರ್ಣದ್ರವ್ಯ ಬೇಕು, ಜೊತೆಗೆ ಮುಖಕ್ಕೆ ಒಳ್ಳೆ ಮಾಸ್ಕ್.

ಕಲ್ಲಿನಲ್ಲೂ ಅದನ್ನೇ ಮಾಡಿದ್ರು. 1990ರ ವೆನಿಸ್ ಬಿಯೆನ್ನಾಲೆ ಕಲಾ ಪ್ರದರ್ಶನದಲ್ಲಿ ಬ್ರಿಟನ್ನಿನ ಪರವಾಗಿ ಇಟ್ಟ ಒರಟು ಮರಳುಗಲ್ಲುಗಳ ನೆತ್ತಿಯಲ್ಲಿ ಕಪ್ಪು ತೂತು. ಒಳಗೆ ಕಪ್ಪು ಬಣ್ಣ ಬಳಿದಿದ್ದರಿಂದ ಅದು ತೂತೋ ಅಂಟಿಸಿದ ಬಿಲ್ಲೆಯೋ ತಿಳಿಯಲ್ಲ. 1992ರಲ್ಲಿ ಜರ್ಮನಿಯ ಕಾಸೆಲ್‌ಗೆ ಮಾಡಿದ ನೆಲದ ಗುಂಡಿ ಎರಡೂವರೆ ಮೀಟರ್ ಆಳ. 2018ರಲ್ಲಿ ಪೋರ್ಚುಗಲ್ಲಿನ ಪೋರ್ಟೋದಲ್ಲಿ ಇಟ್ಟಾಗ ನೋಡಲು ಬಂದವರೊಬ್ಬರು ಅದರೊಳಗೆ ಬಿದ್ದೇಬಿಟ್ಟರು. 2007ರ 'ಸ್ವಯಂಭ್'ನಲ್ಲಿ ಕೆಂಪು ಮೇಣದ ದೊಡ್ಡ ದಿಮ್ಮಿ ಹಳಿ ಮೇಲೆ ನಿಧಾನವಾಗಿ ಸಾಗಿ, ಕಟ್ಟಡದ ಬಾಗಿಲುಗಳೇ ಅದನ್ನ ಕೆತ್ತುತ್ತವೆ. ಹೆಸರು ನೋಡಿ. ನಮ್ಮಲ್ಲಿ ಸ್ವಯಂಭು ಲಿಂಗ ಅಂದ್ರೆ ಯಾರೂ ಕೆತ್ತದ್ದು, ತಾನೇ ಎದ್ದದ್ದು. ಮುಂದೆ 2014ರಲ್ಲಿ ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿನಲ್ಲಿ ಇಟ್ಟ ಕಪ್ಪು ನೀರಿನ ಸುಳಿಯೂ ಅದೇ ಜಾತಿ.

ಆದ್ದರಿಂದ ಮೇಷ್ಟ್ರಿಗೆ ಹೀಗೆ ಹೇಳಿ: ಕೈ ಗುರುತು ಅಳಿಸೋದೇ ಇಲ್ಲಿ ಕೆತ್ತನೆ. ಕ್ಲೌಡ್ ಗೇಟಿನ ಮೇಲೆ ಒಂದು ಬೆಸುಗೆ ಗೆರೆ ಉಳಿದಿದ್ರೆ ಕಣ್ಣು ಅಲ್ಲಿ ನಿಂತು 'ಓ, ಸ್ಟೀಲ್ ತಗಡು' ಅಂತ ಓದಿಬಿಡುತ್ತಿತ್ತು, ಮೋಡ, ಊರು, ಜನ ಎಲ್ಲ ತಗಡಿನ ಮೇಲಿನ ಚಿತ್ರ ಆಗಿಬಿಡ್ತಿದ್ದವು. ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತೆ, ಅದನ್ನ ಮೇಷ್ಟ್ರಿಗೆ ಬಿಟ್ಟುಕೊಡಿ. ಗುಡಾರದೊಳಗೆ ತಿಂಗಳುಗಟ್ಟಲೆ ಉಜ್ಜಿದ ಕಾರ್ಮಿಕರ ಹೆಸರು ಫಲಕದ ಮೇಲಿನ ದೊಡ್ಡ ಹೆಸರಿನ ಪಕ್ಕ ಯಾರಿಗೂ ನೆನಪಿರಲ್ಲ. 2016ರಲ್ಲಿ ಅತಿ ಕಪ್ಪು ವ್ಯಾಂಟಾಬ್ಲ್ಯಾಕ್ ಲೇಪನದ ಕಲಾ ಬಳಕೆಯ ಹಕ್ಕನ್ನು ತನಗೊಬ್ಬನಿಗೇ ಪಡೆದಿದ್ದಕ್ಕೆ ಬೇರೆ ಕಲಾವಿದರು ಸಿಟ್ಟಾಗಿದ್ದೂ ನ್ಯಾಯವೇ ಅನ್ನಿಸುತ್ತೆ.

ಕಡಲ_ತುಕ್ಕು ಉತ್ತರ:

ಎಲ್ಲ ಹೇಳಿದ್ರಿ, ತುಕ್ಕಿನ ವಿಷಯ ಯಾರೂ ಎತ್ತಲಿಲ್ಲ ಮಾರಾಯ್ರೆ. ಸ್ಟೇನ್‌ಲೆಸ್ ಅಂದ್ರೆ ತುಕ್ಕೇ ಹಿಡಿಯದ್ದು ಅಂತ ನಂಬಬೇಡಿ.

ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಪಕ್ಕದಲ್ಲೇ ಗೇಟು, ಗ್ರಿಲ್ಲು ಕತ್ತರಿಸ್ತಾ ಇರ್ತಾರೆ. ಆ ಮೈಲ್ಡ್ ಸ್ಟೀಲ್ ಕಿಡಿ ನಿಮ್ಮ ತಟ್ಟೆ ಮೇಲೆ ಬಿದ್ದು ಅಂಟಿದ್ರೆ ಎರಡು ಮಳೆಗೆ ಕಂದು ಚುಕ್ಕೆ ಏಳ್ತದೆ. ತಪ್ಪು ತಟ್ಟೆಯದ್ದಲ್ಲ, ಕಿಡಿಯದ್ದು. ಗ್ರೈಂಡಿಂಗ್ ಡಿಸ್ಕ್, ವೈರ್ ಬ್ರಶ್, ಬೆಲ್ಟ್ ಎಲ್ಲ ಹೊಸತೇ ಕೊಡಿ, ಮೈಲ್ಡ್ ಸ್ಟೀಲಿಗೆ ಮುಟ್ಟಿದ್ದು ಬೇಡ. ಮೇಜಿಗೆ ರಬ್ಬರ್ ಹಾಸಿ.

ಬೆಂಗಳೂರಲ್ಲಿ ಕೋಣೆಯೊಳಗೆ 304 ಸಾಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಹೊರಗೆ ಇಡುದಾದರೆ 316ಎಲ್ ತಗೊಳ್ಳಿ. ಅದರಲ್ಲಿ ಎರಡು ಶೇಕಡಕ್ಕಿಂತ ಹೆಚ್ಚು ಮಾಲಿಬ್ಡಿನಮ್ ಇರ್ತದೆ, ಉಪ್ಪುಗಾಳಿಯ ಗುಳಿ ತುಕ್ಕಿಗೆ ತಡೆ. ಮೈ ಎಷ್ಟು ನಯವೋ ತುಕ್ಕು ಅಷ್ಟು ನಿಧಾನ. ಒರಟು ಮೈಯ ಗೀರಲ್ಲಿ ಉಪ್ಪು ಕೂರ್ತದೆ.

ಒರೆಸಲು ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಬರಿ ನೀರು, ಆಮೇಲೆ ಮೆತ್ತನೆ ಮೈಕ್ರೋಫೈಬರ್ ಬಟ್ಟೆ. ಬಚ್ಚಲು ತೊಳೆಯುವ ಆಸಿಡ್, ಬ್ಲೀಚಿಂಗ್ ಎರಡೂ ಹತ್ತಿರ ತರಬೇಡಿ, ಕ್ಲೋರಿನ್ ಅದನ್ನು ತಿಂದುಹಾಕ್ತದೆ. ಸ್ಟೀಲ್ ನಾರು ಅಂತೂ ಕೇಳುದೇ ಬೇಡ. ಷಿಕಾಗೋದಲ್ಲಿ ಜನರ ಕೈ ಮುಟ್ಟುವ ಕೆಳಗಿನ ಆರಡಿಯನ್ನು ದಿನಕ್ಕೆ ಎರಡು ಸಲ ಕೈಯಲ್ಲೇ ಒರೆಸ್ತಾರೆ. ವರ್ಷಕ್ಕೆ ಎರಡು ಸಲ ಇಡೀ ಶಿಲ್ಪಕ್ಕೆ 150 ಲೀಟರ್ ದ್ರವ ಸೋಪು. ಪ್ರದರ್ಶನಕ್ಕೆ ಒಬ್ಬರನ್ನು ಬಟ್ಟೆ ಹಿಡಿದು ನಿಲ್ಲಿಸಿ, ಒಂದು ಬೆರಳಚ್ಚು ಬಿದ್ದರೆ ಕನ್ನಡಿ ಮತ್ತೆ ತಗಡು.

ಹೊರಗೆ ಇಡುವವರಿಗೆ ಇನ್ನೊಂದು. ಕ್ಲೌಡ್ ಗೇಟಿಗೆ ಹಿಡಿದ ಲೆಕ್ಕ ಮೈನಸ್ 29ರಿಂದ 49 ಡಿಗ್ರಿ ಸೆಲ್ಸಿಯಸ್. 20 ಮೀಟರ್ ಸ್ಟೇನ್‌ಲೆಸ್ ಅಷ್ಟರಲ್ಲಿ ಎರಡೂವರೆ ಸೆಂ.ಮೀ. ಹಿಗ್ಗಿ ಕುಗ್ತದೆ. ಅದಕ್ಕೇ ಹೊರಚಿಪ್ಪನ್ನು ಒಳಗಿನ ಉಂಗುರಗಳಿಗೆ ಬಿಗಿಯಾಗಿ ಕಟ್ಟಿಲ್ಲ, ಅದರಷ್ಟಕ್ಕೆ ಅದು ಆಡ್ಲಿಕ್ಕೆ ಬಿಟ್ಟಿದ್ದಾರೆ. ಬಿಗಿ ಮಾಡಿದ್ದರೆ ಹಿಡಿದ ಕಡೆಯೆಲ್ಲ ಮೈ ಮೇಲೆ ಡೊಂಕು ಕಾಣ್ತಿತ್ತು.

ಚಾಣ_ಸುತ್ತಿಗೆ:

ಎಲ್ಲರಿಗೂ ಥ್ಯಾಂಕ್ಸ್. ತ್ರಿಜ್ಯ ಎರಡು ಮೀಟರ್, 3 ಮಿ.ಮೀ. 304, ಸ್ಪಿನ್ನಿಂಗ್ ಅಂತ ತೀರ್ಮಾನ ಮಾಡಿದೆ. ಕೊನೆದೊಂದು: ಗೋಡೆಗೆ ತೂಗುಹಾಕಲು ಹಿಂಬದಿ ನಡುವೆ ಎರಡು ಕೊಂಡಿ ಬೆಸೆದರೆ ಸಾಕಾ?

ಟಿಗ್_ಟಾರ್ಚ್:

ಬೇಡ್ವೇ ಬೇಡ. 3 ಮಿ.ಮೀ.ನಲ್ಲಿ ಹಿಂದೆ ಬೆಸೆದಿದ್ದು ಮುಂದೆ ಅಚ್ಚೊತ್ತಿದ ಹಾಗೆ ಕಾಣುತ್ತೆ, ಎಷ್ಟು ಬಫ್ ಹಾಕಿದ್ರೂ ಟ್ಯೂಬ್‌ಲೈಟ್ ಗೆರೆ ಅಲ್ಲಿ ನುಲಿಯುತ್ತೆ. ಅಂಚನ್ನ ಹಿಂದಕ್ಕೆ ಮಡಿಸಿರ್ತೀರಲ್ಲ, 40 ಮಿ.ಮೀ. ಪಟ್ಟಿ, ಅದರ ತುದಿಗೆ ಮಾತ್ರ ಉಂಗುರವನ್ನು ಚುಕ್ಕೆ ಬೆಸುಗೆ ಹಾಕಿಸಿ, ಕೊಂಡಿ ಆ ಉಂಗುರಕ್ಕೆ. ಉಂಗುರ 25×5 ಸ್ಟೇನ್‌ಲೆಸ್ ಪಟ್ಟಿಯದಿರಲಿ. ಚುಕ್ಕೆಗಳನ್ನ ಒಂದಾದ ಮೇಲೊಂದು ಹಾಕದೆ ಎದುರುಬದುರಾಗಿ ಹಾಕಿ, ಗಡಿಯಾರದಲ್ಲಿ 12, 6, 3, 9 ಅನ್ನೋ ಹಾಗೆ. ಇಲ್ಲದಿದ್ರೆ ತಟ್ಟೆ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತೆ. ಇದೆಲ್ಲ ಮುಗಿದ ಮೇಲೇ 120 ನಂಬರ್ ಕೈಗೆ ತಗೊಳ್ಳಿ.